ಬಾಯಾ ಕರ್ವೆ: ಒಂದು ಮನೆಯ ಜಮಾ-ಖರ್ಚು

ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದ ಮಗ್ಗುಲಿಗೆ ಹಾದುಹೋಗುವ ದೊಡ್ಡ ರಸ್ತೆಗೆ ಹಿಂದೆ ಕ್ವೀನ್ಸ್ ರೋಡ್ ಎಂದು ಹೆಸರಿದ್ದಿತು. ಈಗ ಅದು ಮಹರ್ಷಿ ಕರ್ವೆ ರಸ್ತೆ. ಪುಣೆಯಲ್ಲಿಯೂ ಅದೇ ಮಹನೀಯರ ಹೆಸರಿನ ರಸ್ತೆಯೊಂದುಂಟು. ಊರಾಚೆಗಿದ್ದ ಹಿಂಗಣೆ ಎಂಬ ಹಳ್ಳಿಯ ನೆಲ ಇಂದು ಕರ್ವೆನಗರವೆನಿಸಿದೆ. ಉದ್ಯೋಗನಿಮಿತ್ತವಾಗಿ ಬಂದು ಈ ಎರಡು ನಗರಗಳಲ್ಲಿ ಬೇರುಬಿಟ್ಟ ಕನ್ನಡಿಗರಿಗೆ ಧೋಂಡೊ ಕೇಶವ ಕರ್ವೆಯವರ ಹೆಸರು ಹೊಸದಲ್ಲ. ಐವರು ವಿದ್ಯಾರ್ಥಿನಿಯರಿಂದ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದವರು ಅವರು. ನೂರು ವರ್ಷ ತುಂಬಿದ 1958ರಲ್ಲಿ ಭಾರತರತ್ನವನ್ನು ಪಡೆದು, 1962ರಲ್ಲಿ ಕಾಲವಾದವರು. ಆದರೆ ಆ ಮಹರ್ಷಿಯ ಮನೆಯಲ್ಲಿ 57 ವರ್ಷ ಸಂಸಾರ ನಡೆಸಿದ ಹೆಂಗಸೊಬ್ಬರಿದ್ದರು. ತವರಿನಲ್ಲಿ ಅವರ ಹೆಸರು ಗೋದೂಬಾಯಿ. ಮದುವೆಯ ತರುವಾಯ ಆನಂದೀಬಾಯಿ. ಜನರ ಬಾಯಲ್ಲಿ ಬಾಯಾ ಕರ್ವೆ. ಕರ್ವೆಯವರ ಚರಿತ್ರೆಯನ್ನು ಬರೆದವರು ಈಕೆಯನ್ನು ಗೌರವದಿಂದಲೇ ನೆನೆದಿದ್ದಾರೆ. ಆದರೆ ಆ ಗೌರವ ಬಹುಮಟ್ಟಿಗೆ ಸಾಧ್ವಿಯಾದ ಸಹಧರ್ಮಿಣಿಗೆ ಸಲ್ಲುವ ವಾಡಿಕೆಯ ಗೌರವ.

ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಈ ವಾಡಿಕೆಯ ಗೌರವದಿಂದ ತೃಪ್ತಿಯಾಗದು. ಒಂದು ಖಾತೆಯಲ್ಲಿ ಜಮೆಯಾದ ಹಣ ಇನ್ನೊಂದು ಖಾತೆಯಿಂದ ಬಂದಿರಲೇಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಒಂದು ಸಂಸ್ಥೆಯ ಪುಸ್ತಕದಲ್ಲಿ ತ್ಯಾಗವೆಂದು ಜಮೆಯಾದದ್ದು ಯಾವುದೋ ಮನೆಯ ಪುಸ್ತಕದಲ್ಲಿ ಖರ್ಚಾಗಿ ಬಿದ್ದಿರುತ್ತದೆ. ಸಮಾಜಸುಧಾರಣೆಯ ಇತಿಹಾಸಕಾರರು ಮೊದಲನೆಯ ಪುಸ್ತಕವನ್ನು ಶ್ರದ್ಧೆಯಿಂದ ಓದಿದ್ದಾರೆ. ಎರಡನೆಯದನ್ನು ತೆರೆದವರು ಕಡಮೆ. ಬಾಯಾ ಅವರ ಬಾಳು ಆ ಎರಡನೆಯ ಪುಸ್ತಕ. ತಾಯಿಯಾಗಿ, ಅಜ್ಜಿಯಾಗಿ, ಸಮಾಜದ ಸೇವಕಿಯಾಗಿ ಅವರು ಏನನ್ನು ಕೊಟ್ಟರು, ಅದಕ್ಕೆ ಯಾವ ಬೆಲೆ ತೆತ್ತರು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗೋದೂಬಾಯಿ ಹುಟ್ಟಿದ್ದು ರತ್ನಾಗಿರಿ ಜಿಲ್ಲೆಯ ದೇವರುಖದ ಜೋಶಿ ಮನೆತನದಲ್ಲಿ. ಕೊಂಕಣದ ಬಡ ಬ್ರಾಹ್ಮಣ ಕುಟುಂಬಗಳ ರೂಢಿಯಂತೆ ಎಂಟನೆಯ ವಯಸ್ಸಿನಲ್ಲಿಯೇ ಮದುವೆಯಾಯಿತು. ಕೆಲವೇ ತಿಂಗಳಲ್ಲಿ ಗಂಡ ತೀರಿಕೊಂಡ. ಹೆಂಡತಿಯೆಂದರೇನೆಂದು ತಿಳಿಯುವ ಮೊದಲೇ ಆ ಬಾಲೆ ವಿಧವೆಯೆನಿಸಿದಳು. ಅಂಥವಳ ಮುಂದಿದ್ದ ದಾರಿ ಒಂದೇ: ಅತ್ತೆಯ ಮನೆಯಲ್ಲಿಯೋ ತವರಿನಲ್ಲಿಯೋ ಸಂಬಳವಿಲ್ಲದ ಆಳಾಗಿ ದುಡಿದು, ಶುಭಕಾರ್ಯಗಳಲ್ಲಿ ಕಣ್ಣಿಗೆ ಬೀಳದಂತೆ ಇದ್ದು, ಆಯುಷ್ಯವನ್ನು ಸವೆಸುವುದು. 1856ರ 15ನೆಯ ಕಾನೂನು ವಿಧವಾವಿವಾಹವನ್ನು ಸಿಂಧುವೆಂದು ಸಾರಿದ್ದಿತು ನಿಜ. ಆದರೆ ಅದೇ ಕಾನೂನಿನ ಎರಡನೆಯ ಕಲಮಿನ ಪ್ರಕಾರ ಮರುಮದುವೆಯಾದವಳು ಗತಿಸಿದ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಕಾನೂನು ಒಂದು ಬಾಗಿಲನ್ನು ತೆರೆದು ಇನ್ನೊಂದನ್ನು ಮುಚ್ಚಿತು. ಸಮಾಜವಂತೂ ಎರಡನ್ನೂ ಮುಚ್ಚಿಯೇ ಇರಿಸಿದ್ದಿತು.

ಗೋದೂಬಾಯಿಯ ಅಣ್ಣ ನರಹರಪಂತ ಜೋಶಿ ಮುಂಬಯಿಯಲ್ಲಿ ಕರ್ವೆಯವರ ಸಹಪಾಠಿ, ಆಪ್ತಮಿತ್ರ. ಇಬ್ಬರೂ ಒಂದೇ ಬಿಡಾರದಲ್ಲಿ ಸಂಸಾರ ಹೂಡಿದ್ದರು. ಅಣ್ಣನ ದೆಸೆಯಿಂದ ತಂಗಿ ಮುಂಬಯಿಗೆ ಬಂದಳು. 1889ರ ಮಾರ್ಚ್ ತಿಂಗಳಲ್ಲಿ ಚೌಪಾಟಿಯ ಬಳಿ ಪಂಡಿತಾ ರಮಾಬಾಯಿಯವರು ಶಾರದಾ ಸದನವನ್ನು ತೆರೆದಾಗ ಅಲ್ಲಿಗೆ ಸೇರಿದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಆ ಸದನದ ಗುರುಮಾತೆ ನಮ್ಮ ನೆಲದಲ್ಲಿ ಹುಟ್ಟಿದವರು. ಕಾರ್ಕಳದ ಸಮೀಪದ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು; ಅದರಿಂದ ಬಂಧುಬಾಂಧವರ ವಿರೋಧಕ್ಕೆ ಗುರಿಯಾಗಿ, ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಮಗಳೇ ರಮಾಬಾಯಿ. ಅವರಿಗೆ ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದು. ಅದಕ್ಕೆ ಐದು ದಿನ ಮೊದಲು, ಏಪ್ರಿಲ್ 18ರಂದು, ಕೊಂಕಣದ ಶೇರವಲಿಯಲ್ಲಿ ಕರ್ವೆಯವರು ಜನಿಸಿದ್ದರು. ಸಹ್ಯಾದ್ರಿಯ ಎರಡು ಕಡೆಗಳಲ್ಲಿ ಒಂದೇ ವಾರದಲ್ಲಿ ಹುಟ್ಟಿದ ಈ ಇಬ್ಬರ ಕೆಲಸಗಳೂ ಮುಂದೆ ಬಾಯಾ ಅವರ ಬಾಳಿನಲ್ಲಿ ಕೂಡಿಕೊಂಡವು. ಕಾಡಿನ ಆಶ್ರಮದಲ್ಲಿ ಹೆಂಡತಿಗೆ ಅಕ್ಷರ ಕಲಿಸಿದ ಆ ಶಾಸ್ತ್ರಿಗಳ ಹಟವೇ ಮೂವತ್ತು ವರ್ಷಗಳ ಮೇಲೆ ಚೌಪಾಟಿಯಲ್ಲಿ ಫಲಕೊಟ್ಟಿತೆಂದರೆ ತಪ್ಪಾಗದು.

ಸದನವು 1890ರಲ್ಲಿ ಪುಣೆಗೆ ಸ್ಥಳಾಂತರವಾಯಿತು. ಗೋದೂಬಾಯಿಯೂ ಅಲ್ಲಿಗೆ ಹೋದರು. 1891ರಲ್ಲಿ ಕರ್ವೆಯವರ ಮೊದಲ ಪತ್ನಿ ರಾಧಾಬಾಯಿ ತೀರಿಕೊಂಡರು. ಅದೇ ವರ್ಷ ಗೋಪಾಲಕೃಷ್ಣ ಗೋಖಲೆಯವರ ಕರೆಯ ಮೇರೆಗೆ ಕರ್ವೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. ಮರುಮದುವೆಯಾಗುವುದಾದರೆ ವಿಧವೆಯನ್ನೇ ಆಗುವೆನೆಂದು ಅವರು ನಿಶ್ಚಯಿಸಿದ್ದರು. 1893ರ ಮಾರ್ಚ್ ತಿಂಗಳಲ್ಲಿ ಪುಣೆಯಲ್ಲಿ ಮದುವೆ ನಡೆಯಿತು, ಗೋದೂಬಾಯಿ ಆನಂದೀಬಾಯಿಯಾದರು.

ಮದುವೆಯ ಸುದ್ದಿ ಕರ್ವೆಯವರ ಊರಾದ ಮುರುಡಕ್ಕೆ ಮುಟ್ಟಿದಾಗ ಗ್ರಾಮದವರು ಸಭೆ ಸೇರಿ ಬಹಿಷ್ಕಾರದ ನಿರ್ಣಯ ಮಾಡಿದರು. ಕರ್ವೆಯವರನ್ನು ಮನೆಗೆ ಸೇರಿಸಿದರೆ ಅವರ ತಾಯಿಗೂ ಅಣ್ಣನಿಗೂ ಅದೇ ಗತಿಯೆಂಬುದು ಆ ನಿರ್ಣಯದ ಸಾರ. ಬಹಿಷ್ಕಾರವೆಂಬುದನ್ನು ನಾವು ಪುಸ್ತಕಗಳಲ್ಲಿ ಒಂದು ಮಾತಾಗಿ ಓದಿ ಮುಂದೆ ಹೋಗುತ್ತೇವೆ. ಅದನ್ನು ಗಂಡಸು ಅನುಭವಿಸುವ ರೀತಿ ಬೇರೆ, ಹೆಂಗಸು ಅನುಭವಿಸುವ ರೀತಿ ಬೇರೆ. ಕಾಲೇಜಿನ ಅಧ್ಯಾಪಕನಿಗೆ ಹೊರಗೊಂದು ಜಗತ್ತಿದೆ, ಸುಧಾರಕ ಮಿತ್ರರಿದ್ದಾರೆ, ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ಮನೆವಾರ್ತೆಯ ಹೆಂಗಸಿಗೆ ನೆರೆಹೊರೆಯೇ ಜಗತ್ತು. ಬಸುರಿ-ಬಾಣಂತನದಲ್ಲಿ ಹತ್ತಿರ ಬರುವವರಾರು, ಹಬ್ಬದಲ್ಲಿ ಅರಿಸಿನ-ಕುಂಕುಮಕ್ಕೆ ಕರೆಯುವವರಾರು ಎಂಬ ಪ್ರಶ್ನೆಗಳು ಆಕೆಗೆ ದಿನದಿನವೂ ಎದುರಾಗುವಂಥವು.

ಈ ಸಂದರ್ಭದಲ್ಲಿ ಕನ್ನಡದ ಕೃತಿಯೊಂದನ್ನು ನೆನೆಯಬಹುದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ; ಕರ್ವೆಯವರು ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ತೆರೆದದ್ದೂ ಅದೇ ವರ್ಷ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪ್ರಸಿದ್ಧವಾದ ಆ ಕೃತಿಯ ನಾಯಿಕೆಯೂ ಎಳೆಯ ವಯಸ್ಸಿನ ವಿಧವೆ. ಅವಳೂ ಮನೆಯನ್ನು ತೊರೆದು, ವಿದ್ಯೆ ಕಲಿತು, ಸುಶಿಕ್ಷಿತನಾದ ತರುಣನ ಕೈಹಿಡಿಯುತ್ತಾಳೆ. ಕಾದಂಬರಿಗೆ ಆ ವಿವಾಹವೇ ಗುರಿ, ಅದೇ ಮಂಗಳ. ಬಾಯಾ ಅವರ ಬಾಳಿನಲ್ಲಿ ನಿಜವಾದ ಕಥೆ ಆರಂಭವಾಗುವುದು ಅಂಥ ಮಂಗಳದ ಮಾರನೆಯ ದಿನದಿಂದ. ಕಾದಂಬರಿಕಾರನನ್ನು ಇದಕ್ಕಾಗಿ ದೂರುವಂತಿಲ್ಲ. ಮದುವೆಯನ್ನು ಸಾಧಿಸುವುದೇ ಆ ಕಾಲಕ್ಕೆ ದೊಡ್ಡ ಹೋರಾಟವಾಗಿದ್ದಿತು. ಆದರೆ ಇತಿಹಾಸ ಬರೆಯುವವನು ಮದುವೆಯ ಮಂಟಪದಲ್ಲಿಯೇ ನಿಂತುಬಿಡುವಂತಿಲ್ಲ.

ಮದುವೆಯಾದ ವರ್ಷವೇ ಕರ್ವೆಯವರು ವಿಧವಾವಿವಾಹವನ್ನು ಉತ್ತೇಜಿಸುವ ಮಂಡಳಿಯನ್ನು ಕಟ್ಟಿದರು. ಮರುಮದುವೆಯಾದ ದಂಪತಿಗಳ ಮಕ್ಕಳಿಗೆ ಆಶ್ರಯ ಬೇಕಾದಾಗ ಮನೆಯ ಒಲೆ ಅವರಿಗಾಗಿಯೂ ಉರಿಯಿತು, ಉರಿಸಿದವರು ಬಾಯಾ. ಆದರೆ ಕೆಲವೇ ವರ್ಷಗಳಲ್ಲಿ ಕರ್ವೆಯವರ ಆಲೋಚನೆ ಬೇರೆ ದಿಕ್ಕಿಗೆ ತಿರುಗಿತು. ಮರುಮದುವೆ ಎಲ್ಲರಿಗೂ ಒದಗುವ ಪರಿಹಾರವಲ್ಲ. ವಿದ್ಯೆಯನ್ನು ಕೊಟ್ಟು ಸ್ವಂತ ಕಾಲಮೇಲೆ ನಿಲ್ಲಿಸುವುದೇ ಹೆಚ್ಚು ವ್ಯಾಪಕವಾದ ಉಪಾಯವೆಂದು ಅವರಿಗೆ ತೋರಿತು. 1896ರಲ್ಲಿ ಅನಾಥ ಬಾಲಿಕಾಶ್ರಮ ಮಂಡಳಿ ಹುಟ್ಟಿತು. 1900ರಲ್ಲಿ ಆಶ್ರಮವು ನಗರದಿಂದ ನಾಲ್ಕು ಮೈಲಿ ದೂರದ ಹಿಂಗಣೆಗೆ ಹೋಯಿತು. ಕರ್ವೆಯವರು ಕಾಲೇಜಿನ ಪಾಠ ಮುಗಿಸಿ, ಮಳೆ-ಕೆಸರೆನ್ನದೆ ಅಲ್ಲಿಗೆ ನಡೆದುಹೋಗುತ್ತಿದ್ದ ಸಂಗತಿ ಪ್ರಸಿದ್ಧವಾಗಿದೆ.

ಆ ಆಶ್ರಮದಲ್ಲಿ ವಾಸಕ್ಕೆ ಯಾರಿಗೆ ಎಡೆಯಿರಲಿಲ್ಲ ಎಂಬುದು ಅಷ್ಟು ಪ್ರಸಿದ್ಧವಾಗಿಲ್ಲ. ಸನಾತನಿಗಳು ತಮ್ಮ ಮನೆಯ ವಿಧವೆಯರನ್ನು ಆಶ್ರಮಕ್ಕೆ ಕಳುಹಿಸಬೇಕಾದರೆ ಅಲ್ಲಿ ಮರುಮದುವೆಯ ಪ್ರಚಾರ ನಡೆಯುವುದಿಲ್ಲವೆಂಬ ಭರವಸೆ ಅವರಿಗೆ ಬೇಕಾಗಿದ್ದಿತು. ಅದಕ್ಕಾಗಿ ಕರ್ವೆಯವರು ವಿವಾಹ ಮಂಡಳಿಯ ಕಾರ್ಯದಿಂದ ಹಿಂದೆ ಸರಿದರು. ಅದೇ ಕಾರಣಕ್ಕಾಗಿ ಅವರ ಹೆಂಡತಿಯೂ ಆಶ್ರಮದಿಂದ ದೂರವಿರಬೇಕಾಯಿತು. ವಿಧವೆಯರಿಗಾಗಿ ಕಟ್ಟಿದ ಮನೆಯಲ್ಲಿ, ಕಟ್ಟಿದವರ ಪತ್ನಿಯೇ, ಆಕೆ ಹಿಂದೆ ವಿಧವೆಯಾಗಿದ್ದು ಮರುಮದುವೆಯಾದವಳೆಂಬ ಕಾರಣದಿಂದ, ನೆಲಸುವಂತಿರಲಿಲ್ಲ! ಆಕೆಯ ತಂಗಿ ಪಾರ್ವತೀಬಾಯಿ ಆಠವಲೆಯವರು ಮಾತ್ರ, ವಿಧವೆಯಾಗಿಯೇ ಉಳಿದವರಾದ್ದರಿಂದ, ಆಶ್ರಮದ ಆಡಳಿತವನ್ನು ವಹಿಸಿಕೊಂಡು, ಊರೂರು ತಿರುಗಿ ಹಣ ಕೂಡಿಸಿ, ಅಮೆರಿಕದವರೆಗೂ ಹೋಗಿಬಂದರು. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಸಂಸ್ಥೆಯ ಒಳಗೆ, ಇನ್ನೊಬ್ಬರು ಹೊರಗೆ. ಕರ್ವೆಯವರ ಈ ತೀರ್ಮಾನವನ್ನು ಕಾರ್ಯನೀತಿಯ ದೃಷ್ಟಿಯಿಂದ ಸಮರ್ಥಿಸಬಹುದು. ಹಾಗೆ ಮಾಡದಿದ್ದರೆ ಆಶ್ರಮಕ್ಕೆ ಹೆಣ್ಣುಮಕ್ಕಳೇ ಬರುತ್ತಿರಲಿಲ್ಲವೇನೊ. ಆದರೆ ಆ ನೀತಿಯ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಬರೆದಿಡುವುದು ಇತಿಹಾಸದ ಕರ್ತವ್ಯ.

ಇನ್ನು ಹಣದ ವಿಚಾರ. ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ತಿಂಗಳಿಗೆ 75 ರೂಪಾಯಿಯ ವೇತನಕ್ಕೆ 20 ವರ್ಷ ದುಡಿಯುವ ಪ್ರತಿಜ್ಞೆ ಮಾಡಿದವರು. ನಿವೃತ್ತಿವೇತನ 30 ರೂಪಾಯಿ. ಬೇರೆಡೆ ಎಷ್ಟೋ ಹೆಚ್ಚು ಸಂಪಾದಿಸಬಲ್ಲವರು ಇಷ್ಟಕ್ಕೇ ತೃಪ್ತರಾದರೆಂದು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಆ 75 ರೂಪಾಯಿಯಲ್ಲಿ ಸಂಸಾರವನ್ನು ತೂಗಿಸುವವರು ಪ್ರತಿಜ್ಞೆಗೆ ಸಹಿಹಾಕಿದವರಲ್ಲ. ಕರ್ವೆಯವರು ಕೂಡಿಟ್ಟ ಹಣವನ್ನು ಆಶ್ರಮಕ್ಕೆ ಕೊಟ್ಟರು. ಬಳಿಕ ತಮ್ಮ ಜೀವವಿಮೆಯ ಪಾಲಿಸಿಯನ್ನೂ ಆಶ್ರಮದ ಹೆಸರಿಗೆ ವರ್ಗಾಯಿಸಿದರು.

ವಿಮೆಯ ಪಾಲಿಸಿಯೆಂದರೇನೆಂದು ನಮ್ಮಂಥ ವೃತ್ತಿಯವರಿಗೆ ವಿವರಿಸಬೇಕಾಗಿಲ್ಲ. ಠೇವಣಿ ಇಂದಿನ ಹಣ. ಪಾಲಿಸಿ ಮನೆಯ ಯಜಮಾನ ಇಲ್ಲದ ನಾಳೆಯ ಅನ್ನ. ಠೇವಣಿಯನ್ನು ದಾನ ಮಾಡಿದವನು ತನ್ನದನ್ನು ಕೊಡುತ್ತಾನೆ. ಪಾಲಿಸಿಯನ್ನು ದಾನ ಮಾಡಿದವನು ಹೆಂಡತಿ-ಮಕ್ಕಳದನ್ನು ಕೊಡುತ್ತಾನೆ. ಎಂಟನೆಯ ವಯಸ್ಸಿನಲ್ಲಿ ಒಮ್ಮೆ ಗಂಡನನ್ನು ಕಳೆದುಕೊಂಡು, ಆಧಾರವಿಲ್ಲದ ವೈಧವ್ಯವೆಂದರೇನೆಂದು ವರ್ಷಗಟ್ಟಲೆ ಅನುಭವಿಸಿದ ಹೆಂಗಸಿಗೆ ಆ ಕಾಗದದ ಅರ್ಥ ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದಿದ್ದಿತು. ಅವರು ಅಸಮಾಧಾನಪಟ್ಟದ್ದರಲ್ಲಿ ಆಶ್ಚರ್ಯವೇನಿದೆ? ಇದನ್ನು ಸಣ್ಣತನವೆಂದಾಗಲಿ, ಮಹಾಪುರುಷನ ಆದರ್ಶವನ್ನು ಅರಿಯದ ಮೌಢ್ಯವೆಂದಾಗಲಿ ಕರೆಯುವುದು ಅನ್ಯಾಯ. ಸಾವಿರಾರು ವಿಧವೆಯರ ನಾಳೆಯನ್ನು ಕರ್ವೆಯವರು ಕಂಡರು. ತಮ್ಮ ಮಕ್ಕಳ ನಾಳೆಯನ್ನು ಬಾಯಾ ಕಂಡರು. ಎರಡೂ ದೃಷ್ಟಿಗಳು ಸತ್ಯವಾದವು. ಒಂದು ಮನೆಯಲ್ಲಿ ಎರಡೂ ಇದ್ದುದರಿಂದಲೇ ಆ ಮನೆ ಉಳಿಯಿತು.

ಅಸಮಾಧಾನಪಟ್ಟು ಅವರು ಕೈಕಟ್ಟಿ ಕೂಡಲಿಲ್ಲ. ಪ್ರಸೂತಿ ಶುಶ್ರೂಷೆಯ ತರಬೇತಿ ಪಡೆದು ಮನೆಗೆ ನಾಲ್ಕು ಕಾಸು ತರುವ ದಾರಿ ಹುಡುಕಿದರು. ಯಾವ ನೆರೆಹೊರೆ ಬಾಯಾ ಅವರನ್ನು ಮೈಲಿಗೆಯೆಂದು ದೂರವಿಟ್ಟಿದ್ದಿತೋ ಅಂಥದೇ ಸಮಾಜದ ಹೆಂಗಸರ ಅತ್ಯಂತ ಕಷ್ಟದ ಗಳಿಗೆಯಲ್ಲಿ ನೆರವಾಗುವ ವಿದ್ಯೆಯನ್ನೇ ಅವರು ಆರಿಸಿಕೊಂಡದ್ದು ವಿಶೇಷ. ಇನ್ನೂ ಸೋಜಿಗದ ಸಂಗತಿಯೆಂದರೆ, ತಮ್ಮನ್ನು ಹೊರಗಿಟ್ಟ ಆಶ್ರಮಕ್ಕಾಗಿಯೇ ಅವರು ಚಂದಾ ಎತ್ತಿದರು. ಈಕೆ ವೇದಿಕೆಯ ಮೇಲೆ ನಿಂತು ಭಾಷಣ ಮಾಡಿ ನಿಧಿ ಕೂಡಿಸುವ ಜಾತಿಯವರಲ್ಲ. ಬಲ್ಲವರ ಮನೆಗಳ ಒಳಬಾಗಿಲಲ್ಲಿ ಕುಳಿತು, ಹೆಂಗಸರೊಡನೆ ಮಾತನಾಡಿ, ರೂಪಾಯಿ ಎರಡು ರೂಪಾಯಿ ಕೇಳುವ ದಾರಿ ಅವರದು. ಸರ್ ವಿಠ್ಠಲದಾಸ ಠಾಕರ್ಸಿಯವರು 1920ರಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ 15 ಲಕ್ಷದ ದಾನವನ್ನು ಸಂಸ್ಥೆ ತನ್ನ ಹೆಸರಿನಲ್ಲಿಯೇ ಸ್ಮರಿಸಿಕೊಂಡಿದೆ. ಒಳಬಾಗಿಲಲ್ಲಿ ಕೂಡಿದ ಬಿಡಿಗಾಸಿಗೆ ಹೆಸರಿಲ್ಲ. ಆದರೆ ಲಕ್ಷದ ದಾನ ಬರುವ ಮೊದಲು ಇಪ್ಪತ್ತು ವರ್ಷ ಕರ್ವೆಯವರ ಕಾರ್ಯ ನಡೆದದ್ದು ಇಂಥ ಬಿಡಿಗಾಸಿನಿಂದಲೇ.

ತಾಯಿಯಾಗಿ ಬಾಯಾ ಅವರ ಪಾಲಿಗೆ ಬಂದದ್ದು ಸುಲಭದ ತಾಯ್ತನವಲ್ಲ. ಮದುವೆಯಾಗಿ ಬಂದಾಗ ಮನೆಯಲ್ಲಿ ರಾಧಾಬಾಯಿಯವರ ಮಗ ರಘುನಾಥನಿದ್ದ. ಅವನಿಗೆ ಆಗ ಹನ್ನೊಂದು ವರ್ಷ. ಬಳಿಕ ಶಂಕರ, ದಿನಕರ, ಭಾಸ್ಕರ ಎಂಬ ಮೂವರು ಮಕ್ಕಳು ಹುಟ್ಟಿದರು. ತಂದೆ ಹಿಂಗಣೆಯ ಹಾದಿಯಲ್ಲಿ. ಮಕ್ಕಳು ತಾಯಿಯ ಕೈಯಲ್ಲಿ. ಆ ನಾಲ್ವರೂ ಬೆಳೆದು ತಮ್ಮ ತಮ್ಮ ದಾರಿಯಲ್ಲಿ ಗಟ್ಟಿಗರಾದರು. ರಘುನಾಥರು 1921ರಲ್ಲಿ ಮುಂಬಯಿಯಲ್ಲಿ ಸಂತತಿನಿಯಮನದ ಚಿಕಿತ್ಸಾಲಯವನ್ನು ತೆರೆದು, ಆ ವಿಚಾರಗಳಿಗಾಗಿ ಕಾಲೇಜಿನ ಕೆಲಸವನ್ನೂ ಕಳೆದುಕೊಂಡು, 1927ರಿಂದ ಸಾಯುವವರೆಗೂ ‘ಸಮಾಜಸ್ವಾಸ್ಥ್ಯ’ ಪತ್ರಿಕೆಯನ್ನು ನಡೆಸಿದ ಧೀರರು. ಶಂಕರರು ವೈದ್ಯರಾಗಿ ಪೂರ್ವ ಆಫ್ರಿಕದಲ್ಲಿ ನೆಲಸಿದರು. ದಿನಕರರು ರಸಾಯನಶಾಸ್ತ್ರಜ್ಞರಾಗಿ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾದರು. ಭಾಸ್ಕರರು, ಪತ್ನಿ ಕಾವೇರೀಬಾಯಿಯೊಡನೆ, ಹಿಂಗಣೆಯ ಸಂಸ್ಥೆಗೇ ತಮ್ಮನ್ನು ಕೊಟ್ಟುಕೊಂಡರು. ತಾಯಿಗೆ ವಾಸಕ್ಕೆ ಎಡೆಯಿಲ್ಲದಿದ್ದ ಸಂಸ್ಥೆಯನ್ನು ಮಗ-ಸೊಸೆ ನಡೆಸಿದರು. ಕಾಲವು ಇಂಥ ಸಾಲಗಳನ್ನು ಹೀಗೆಯೂ ತೀರಿಸುತ್ತದೆ.

ದಿನಕರರ ಪತ್ನಿ ಇರಾವತೀ ಕರ್ವೆ. ಮಾನವಶಾಸ್ತ್ರದಲ್ಲಿ ಭಾರತದ ಮೊದಲ ವಿದುಷಿಯರಲ್ಲಿ ಒಬ್ಬರಾದ ಇವರು ಜರ್ಮನಿಗೆ ಹೋಗಿ ಓದುವುದು ಮಾವನವರಿಗೇ ಒಪ್ಪಿಗೆಯಿರಲಿಲ್ಲ. ಗಂಡನ ಬೆಂಬಲದಿಂದ, ಸಾಲದ ಹಣದಿಂದ ಹೋದರು. ಮಹಾಭಾರತದ ಪಾತ್ರಗಳನ್ನು ಕುರಿತ ಅವರ ‘ಯುಗಾಂತ’ವು ಕನ್ನಡಿಗರಿಗೂ ಪರಿಚಿತ. ಗಾಂಧಾರಿ, ಕುಂತಿ, ದ್ರೌಪದಿಯರನ್ನು ಪೂಜೆಯ ಪೀಠದಿಂದ ಇಳಿಸಿ, ಮಹಾಪುರುಷರ ಧ್ಯೇಯಗಳಿಗೆ ಆ ಹೆಂಗಸರು ತೆತ್ತ ಬೆಲೆಯೆಷ್ಟು ಎಂದು ಕೇಳಿದ ಗ್ರಂಥ ಅದು. ಆ ಪ್ರಶ್ನೆ ಕೇಳುವ ಧೈರ್ಯಕ್ಕೆ ಅತ್ತೆಯ ಬಾಳನ್ನು ಹತ್ತಿರದಿಂದ ಕಂಡದ್ದೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ. ಮುಂದಿನ ತಲೆಮಾರಿನಲ್ಲಿ, ಬಾಯಾ ಅವರ ಮೊಮ್ಮಕ್ಕಳಾದ ಜಾಯಿ ನಿಂಬಕರ್, ಗೌರೀ ದೇಶಪಾಂಡೆಯವರು ಲೇಖಕಿಯರಾಗಿ ಹೆಸರು ಗಳಿಸಿದರು. ಅಜ್ಜಿ ಹತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ ಅಕ್ಷರ ತಿದ್ದಲು ಕುಳಿತವರೆಂಬುದನ್ನು ನೆನೆದರೆ, ಎರಡು ತಲೆಮಾರುಗಳಲ್ಲಿ ಆ ಮನೆ ನಡೆದ ದೂರ ಎಷ್ಟೆಂದು ತಿಳಿದೀತು.

ಕೊನೆಗಾಲದಲ್ಲಿ ಬಾಯಾ ತಮ್ಮ ಕಥೆಯನ್ನು ಹೇಳಿದರು. ಸೊಸೆ ಕಾವೇರೀಬಾಯಿ ಅದನ್ನು ಸಂಪಾದಿಸಿದರು. ಅದರ ಹೆಸರು ‘ಮಾಝೇ ಪುರಾಣ’, ಎಂದರೆ ‘ನನ್ನ ಪುರಾಣ’. ಪುರಾಣವೆಂದರೆ ದೇವರ ಕಥೆಯೂ ಹೌದು, ಯಾರೂ ಕೇಳಲೊಲ್ಲದ ಉದ್ದನೆಯ ಗೋಳೂ ಹೌದು. ಕನ್ನಡದಲ್ಲಿಯೂ ನಾವು ‘ನಿನ್ನ ಪುರಾಣ ಸಾಕು’ ಎನ್ನುವುದುಂಟಷ್ಟೆ. ಈ ಎರಡರ್ಥಗಳ ನಡುವಣ ಕಿರುನಗೆ ಆ ಹೆಸರಿನಲ್ಲಿಯೇ ಇದೆ.

ಸಂಶೋಧಕನಿಗೆ ಈ ಕುಟುಂಬವು ಅಪೂರ್ವವಾದ ಅವಕಾಶವನ್ನು ಒದಗಿಸಿದೆ. ಒಂದೇ ಸಂಸ್ಥೆಯ ಕಥೆಗೆ ಒಂದೇ ಬಳಗದ ಮೂವರು ಸಾಕ್ಷಿಗಳಿದ್ದಾರೆ: ಕರ್ವೆಯವರ ಆತ್ಮವೃತ್ತ, ಪಾರ್ವತೀಬಾಯಿಯವರ ‘ಮಾಝೀ ಕಹಾಣಿ’, ಬಾಯಾ ಅವರ ಪುರಾಣ. ಮೊದಲನೆಯದರಲ್ಲಿ ಧ್ಯೇಯವಿದೆ, ಎರಡನೆಯದರಲ್ಲಿ ಸಂಸ್ಥೆಯ ಸೇವೆಯಿದೆ, ಮೂರನೆಯದರಲ್ಲಿ ಮನೆಯಿದೆ. ಒಂದನ್ನೇ ಓದಿದವರಿಗೆ ಸಿಕ್ಕುವುದು ಮೂರನೆಯ ಒಂದು ಪಾಲು ಸತ್ಯ ಮಾತ್ರ. ಮರಾಠಿಯಲ್ಲಿ ಇಂಥ ಸ್ತ್ರೀಸಾಕ್ಷ್ಯಗಳ ಪರಂಪರೆಯೇ ಇದೆ. ರಮಾಬಾಯಿ ರಾನಡೆಯವರ ನೆನಪುಗಳು 1910ರಲ್ಲಿ ಬಂದವು. ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’ 1930ರ ದಶಕದಲ್ಲಿ ಬಂದಿತು. ವಸಂತ ಕಾನೇಟಕರರು 1972ರಲ್ಲಿ ‘ಹಿಮಾಲಯಾಚೀ ಸಾವಲೀ’ ನಾಟಕವನ್ನು ಈ ದಂಪತಿಗಳ ಬಾಳಿನ ಆಧಾರದ ಮೇಲೆಯೇ ರಚಿಸಿದರು. ಹಿಮಾಲಯದ ನೆರಳು ಎಂಬ ಆ ಹೆಸರು ಅರ್ಥವತ್ತಾದುದು. ಆದರೆ ಅದಕ್ಕೊಂದು ತಿದ್ದುಪಡಿ ಸೂಚಿಸಬೇಕೆನಿಸುತ್ತದೆ: ನೆರಳು ತಾನಾಗಿ ಏನನ್ನೂ ಹೊರುವುದಿಲ್ಲ, ಬಾಯಾ ಹೊತ್ತರು.

ಬಾಯಾ 1950ರಲ್ಲಿ ತೀರಿಕೊಂಡರು. ಅವರನ್ನು ಹೊಗಳಿ ಮುಗಿಸುವುದು ಸುಲಭ. ಅದಕ್ಕಿಂತ ಉಪಯುಕ್ತವಾದ ಕೆಲಸವೊಂದು ನಮ್ಮ ಕೈಯಲ್ಲಿಯೇ ಇದೆ. ಹೊರನಾಡಿನ ಕನ್ನಡಿಗರು ಕಟ್ಟಿದ ಸಂಘಗಳು, ರಾತ್ರಿಶಾಲೆಗಳು, ಗ್ರಂಥಾಲಯಗಳು ಕಡಮೆಯೇನಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಓದಿದ ಹುಡುಗರ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ವಾರ್ಷಿಕ ವರದಿಗಳಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ, ದಾನಿಗಳ ಹೆಸರುಗಳಿವೆ. ಎರಡು ಕೋಣೆಯ ಚಾಳಿನ ಮನೆಯಲ್ಲಿ ಊರಿನಿಂದ ಬಂದ ಹುಡುಗನಿಗೆ ಹಾಸಿಗೆ ಹಾಸಿಕೊಟ್ಟವರು, ಸಂಘದ ಕಟ್ಟಡಕ್ಕೆಂದು ಬಳೆ ಬಿಚ್ಚಿಕೊಟ್ಟವರು, ನಾಟಕದ ರಾತ್ರಿ ನೂರು ಜನಕ್ಕೆ ಉಪ್ಪಿಟ್ಟು ಮಾಡಿದವರು ಆ ವರದಿಗಳಲ್ಲಿ ಸಿಕ್ಕುವುದು ವಿರಳ. ಅಂಥ ಅಜ್ಜಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಬಳಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಬೇಕು: ಸಂಘಕ್ಕೆಂದು ನಿಮ್ಮ ಮನೆಯಿಂದ ಹೋದದ್ದೇನು? ಆ ಕೊರತೆಯನ್ನು ನೀವು ತುಂಬಿಕೊಂಡದ್ದು ಹೇಗೆ? ನಿಮ್ಮನ್ನು ಕೇಳಿ ಕೊಟ್ಟರೆ, ಕೇಳದೆ ಕೊಟ್ಟರೆ?

ಅವರು ಮೊದಲು ಹೇಳುವ ಮಾತು, ನನ್ನ ಪುರಾಣವನ್ನು ಕೇಳಿ ಏನಾಗಬೇಕಪ್ಪ, ಎಂದೇ ಇದ್ದೀತು. ಆಗ ಲೇಖನಿಯನ್ನು ಕೆಳಗಿಡಬಾರದು. ಸಂಸ್ಥೆಗಳ ಲೆಕ್ಕ ಸರಿಹೊಂದುವುದು ಆ ಮಾತಿನ ಮುಂದಿನ ಪುಟದಲ್ಲಿ.